ಸೆರಗಿನ ತುದಿಯ ಉಂಗುರ

ಕೆಲ್ಲಿವಿಲ್, ಸಿಡ್ನಿ
೬ ಮಾರ್ಚ್ ೨೦೧೬

ಸಿಸ್ಟರ್ ಅರುಂಧತಿಯವರಿಗೆ,

ಈ ಅಕ್ಷರ ಕಂಡ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರಬೇಕು. ಇಪ್ಪತ್ತಾರು ವರ್ಷ ನನ್ನ ಚೀಟಿ ಓದಿದವರು ನೀವು. ಔಷಧದ ಅಂಗಡಿಯವನಿಗೆ ಅರ್ಥವಾಗದ್ದು ನಿಮಗೆ ಅರ್ಥವಾಗುತ್ತಿತ್ತು. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿ ಹೋಗಿದೆ ಮಾರಾಯ್ತಿ. ಮಗ ಹ್ಯಾರಿಸ್ ತಂದುಕೊಟ್ಟ ಯಂತ್ರ ಹಾಕಿದರೆ ಮನುಷ್ಯರ ಮಾತಿಗಿಂತ ಫ್ರಿಜ್ಜಿನ ಸದ್ದು ಜೋರಾಗಿ ಕೇಳುತ್ತದೆ. ಹಾಗಾಗಿ ಪತ್ರ.

ನೀವು ಮಗಳ ಜೊತೆ ಮೆಲ್ಬರ್ನಿನಲ್ಲಿದ್ದೀರೆಂದು ಕ್ರಿಸ್ಮಸ್ ಊಟದಲ್ಲಿ ಯಾರೋ ಹೇಳಿದರು. ಒಂದೇ ದೇಶದಲ್ಲಿ ಆರು ವರ್ಷದಿಂದ ಇದ್ದೇವೆ, ಒಬ್ಬರಿಗೊಬ್ಬರು ಗೊತ್ತಿಲ್ಲ. ಇಲ್ಲಿ ನನಗೆ ಕೆಲಸವಿಲ್ಲ. ನಮ್ಮ ಸಬರ್ಬಿನಲ್ಲಿ ಮೆಟ್ರೊ ಕಂಬಗಳು ಏಳುತ್ತಿವೆ. ಬೆಳಿಗ್ಗೆ ವಾಕಿಂಗ್ ಹೋಗಿ, ಅಲ್ಲಿ ಕೆಲಸ ಮಾಡುವವರಲ್ಲಿ ಯಾರಿಗೆ ಸೊಂಟನೋವು, ಯಾರು ಎಡಚರು, ಯಾರ ಶ್ವಾಸಕೋಶ ಕೆಟ್ಟಿದೆ ಎಂದು ದೂರದಿಂದಲೇ ಹೇಳಿಕೊಂಡು ಬರುತ್ತೇನೆ. ಕೇಳುವುದಕ್ಕೆ ಹಿಂದೆ ಹೌಸ್ ಸರ್ಜನ್‌ಗಳಿಲ್ಲ, ಅಷ್ಟೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಕನ್ನಡ ಬಳಗದ ಮೂರ್ತಿ ಎಂಬವರು ಆಗಸ್ಟಿನಲ್ಲಿ ನನ್ನಿಂದ ಒಂದು ಭಾಷಣ ಮಾಡಿಸುತ್ತಾರಂತೆ. ನಾನು ಆರಿಸಿಕೊಂಡದ್ದು ನಮ್ಮ ಜೋಸೆಫ್ ಬೆಲ್. ನೆನಪುಂಟಲ್ಲ? ವಿಕ್ಟೋರಿಯಾ ರಾಣಿಯ ಕಾಲದ ಎಡಿನ್‌ಬರೋ ಸರ್ಜನ್. ರೋಗಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಕಸುಬು, ಊರು, ಕಾಯಿಲೆ ಎಲ್ಲ ಹೇಳುತ್ತಿದ್ದವನು. ಅವನ ಶಿಷ್ಯನೊಬ್ಬ ಅವನನ್ನೇ ಮಾದರಿ ಮಾಡಿಕೊಂಡು, ಲೋಕಕ್ಕೆಲ್ಲ ಗೊತ್ತಿರುವ ಆ ಪತ್ತೇದಾರನನ್ನು ಬರೆದ. ನಾನು ಅವನ ಫೋಟೋ ನಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊರಗೆ ತೂಗುಹಾಕಿದ್ದೆ. ವಾರ್ಡ್‌ಬಾಯ್ ಗೋಪಾಲ ವಾರಕ್ಕೊಮ್ಮೆ ಒರೆಸುವಾಗ ಯಾವುದೋ ಸಂತನೆಂದು ಕೈಮುಗಿಯುತ್ತಿದ್ದ.

ಭಾಷಣದ ಕೊನೆಗೆ ನಮ್ಮದೇ ಒಂದು ಉದಾಹರಣೆ ಬೇಕು. ಉಂಗುರದ ಕೇಸ್ ಹೇಳಬೇಕೆಂದಿದ್ದೇನೆ. ಅದು ಎಷ್ಟನೇ ಇಸವಿ? ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ? ಆ ದಿನ ನೀವು ನನ್ನ ಪಕ್ಕದಲ್ಲೇ ಇದ್ದಿರಿ. ನೆನಪಿದ್ದದ್ದೆಲ್ಲ ಬರೆದು ಕಳಿಸಿ.

ನಿಮ್ಮ ಹಳೆಯ ಡಾಕ್ಟರ್,
ಲೆಸ್ಲಿ


ಪಾಯಿಂಟ್ ಕುಕ್, ಮೆಲ್ಬರ್ನ್
೨೪ ಮಾರ್ಚ್ ೨೦೧೬

ಡಾಕ್ಟ್ರೇ,

ಕವರಿನ ಮೇಲಿನ ವಿಳಾಸ ನೋಡಿ ನಮ್ಮ ಪೋಸ್ಟ್‌ಮ್ಯಾನ್‌ಗೆ ಬಹುಮಾನ ಕೊಡಬೇಕೆನ್ನಿಸಿತು. ನಿಮ್ಮ ಅಕ್ಷರ ಸುಧಾರಿಸಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ನಾನು ಹೋದ ತಿಂಗಳು ಬಚ್ಚಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡೆ. ಬಲಗೈ ಇದೆ, ಆದ್ದರಿಂದ ಪತ್ರ ಬರೆಯಲು ತೊಂದರೆಯಿಲ್ಲ. ಮಗಳು ಅಹಲ್ಯಾ ಬೆಳಿಗ್ಗೆ ಆರೂವರೆಗೆ ಕಾರ್ ತೆಗೆದರೆ ಫ್ರೀವೇ ಮೇಲೆ ಒಂದೂವರೆ ಗಂಟೆ. ಮೊಮ್ಮಗಳು ಆದ್ಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಶಾಲೆಗೆ ಹೋಗುತ್ತಾಳೆ. ಹಾಗಾಗಿ ವಾರಕ್ಕೆ ಮೂರು ದಿನ ಏಜೆನ್ಸಿಯಿಂದ ಒಬ್ಬಳು ಬಂದು ಸ್ನಾನ ಮಾಡಿಸಿ, ತಲೆ ಬಾಚಿ ಹೋಗುತ್ತಾಳೆ. ಜೋವಿಟಾ ಎಂದು ಹೆಸರು. ನಿಮ್ಮ ಪೈಕಿಯ ಕ್ರೈಸ್ತಳೇ, ಮಂಗಳೂರಿನ ಕಡೆಯವಳು. ಜೀವಮಾನವೆಲ್ಲ ಬೇರೆಯವರಿಗೆ ಮೈ ಒರೆಸಿದವಳು ಈಗ ಒರೆಸಿಕೊಳ್ಳುವುದನ್ನು ಕಲಿಯುತ್ತಿದ್ದೇನೆ. ಕಷ್ಟವೇ.

ಬೆಲ್ ಬಗ್ಗೆ ಮಾತನಾಡಿ, ಚೆನ್ನಾಗಿರುತ್ತದೆ. ಆದರೆ ಉಂಗುರದ ಕೇಸ್ ಬೇಡ. ಮೀನುಗಾರನ ಕೈಯ ಹಗ್ಗದ ಗುರುತು ನೋಡಿ ಅವನು ಸುಳ್ಳು ಹೇಳುತ್ತಿದ್ದಾನೆಂದು ಹಿಡಿದಿರಲ್ಲ, ಅದನ್ನು ಹೇಳಿ. ಜನ ನಗುತ್ತಾರೆ. ಅಥವಾ ಬೀಡಿ ಕಟ್ಟುವ ಹೆಂಗಸಿನ ಹೆಬ್ಬೆರಳಿನ ಕಥೆ ಹೇಳಿ. ಬೇಕಾದಷ್ಟಿವೆ.

ಉಪ್ಪು ಕಡಿಮೆ ಮಾಡಿದ್ದೀರಿ ತಾನೇ?

ಅರುಂಧತಿ


ಕೆಲ್ಲಿವಿಲ್
೧೭ ಏಪ್ರಿಲ್ ೨೦೧೬

ಪ್ರಿಯ ಸಿಸ್ಟರ್,

ಮಣಿಕಟ್ಟಿನ ಸುದ್ದಿ ಕೇಳಿ ಬೇಜಾರಾಯಿತು. ಬೆರಳುಗಳನ್ನು ಆಡಿಸುತ್ತಾ ಇರಿ. ನಿಮಗೆ ಹೇಳಬೇಕಾಗಿಲ್ಲ.

ಉಂಗುರದ ಕೇಸ್ ಏಕೆ ಬೇಡ? ಹಗ್ಗ, ಬೀಡಿ ಎಲ್ಲ ಸಣ್ಣ ಚಮತ್ಕಾರ. ಇದು ಹಾಗಲ್ಲ. ಮೂವತ್ತು ವರ್ಷ ಪ್ರತಿ ಬ್ಯಾಚಿಗೂ ಹೇಳಿದ್ದೇನೆ. ನಾನು ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತೇನೆ, ತಪ್ಪಿದ್ದರೆ ತಿದ್ದಿ.

ಜೂನ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ. ಇಬ್ಬರು ಹೆಂಗಸರು ಇನ್ನೊಬ್ಬಳನ್ನು ಗೇಟಿನಲ್ಲಿ ಇಳಿಸಿ ಹೋದರು. ಇಪ್ಪತ್ತೈದು ವರ್ಷದವಳು, ಅರೆಪ್ರಜ್ಞೆ, ಮೈಯೆಲ್ಲ ತಣ್ಣನೆ ಬೆವರು, ಹೊಟ್ಟೆ ಹಿಡಿದುಕೊಂಡಿದ್ದಾಳೆ. ಸುತ್ತ ಆರು ಮಂದಿ ಹೌಸ್ ಸರ್ಜನ್‌ಗಳು. ಯಾರೂ ಮುಟ್ಟಬೇಡಿ, ನೋಡಿ ಎಂದೆ. ಬೆರಳ ತುದಿ ಕಪ್ಪಾಗಿದೆ, ಅಂದರೆ ಗೇರುಬೀಜದ ಕಾರ್ಖಾನೆಯವಳು. ತುಟಿಯ ಸುತ್ತ ಸುಟ್ಟ ಗಾಯ, ಅಂದರೆ ಏನೋ ತೀಕ್ಷ್ಣವಾದದ್ದನ್ನು ಕುಡಿದಿದ್ದಾಳೆ. ಎಡಗೈ ಉಂಗುರ ಬೆರಳಿನಲ್ಲಿ ಬಿಳಿಯ ಗುರುತು, ಉಂಗುರ ಇಲ್ಲ. ಅಷ್ಟರಲ್ಲಿ ನೀವು ಅವಳ ಸೆರಗಿನ ತುದಿಯ ಗಂಟು ಬಿಚ್ಚಿದಿರಿ. ಒಳಗಿತ್ತು ಮದುವೆಯ ಉಂಗುರ. ಅದನ್ನು ಎತ್ತಿ ಹಿಡಿದು ಹೇಳಿದೆ: ಕ್ರೈಸ್ತ ಹೆಂಗಸು ಬದುಕಿರುವಾಗ ಈ ಉಂಗುರ ಬಿಚ್ಚುವುದಿಲ್ಲ. ಬಿಚ್ಚಿದ್ದಾಳೆಂದರೆ ಎಲ್ಲ ಮುಗಿಯಿತೆಂದು ತೀರ್ಮಾನಿಸಿದ್ದಾಳೆ. ವಿಷ.

ಹೊಟ್ಟೆ ತೊಳೆಸಿದೆ. ಉಳಿಯಲಿಲ್ಲ, ಮಧ್ಯಾಹ್ನ ಹೋದಳು. ಗಂಡ ಬಾಂಬೆಯಲ್ಲಿದ್ದ, ಅತ್ತೆ ಬಂದು ಕಾಲು ಹಿಡಿದಳು. ಪೊಲೀಸು, ಪೋಸ್ಟ್‌ಮಾರ್ಟಮ್ ಮಾಡಿಸಬೇಡಿ ಎಂದು ಅತ್ತಳು. ಪಾಪ ಎನ್ನಿಸಿ, ಸರ್ಟಿಫಿಕೇಟಿನಲ್ಲಿ ಹೃದಯ ನಿಂತಿತೆಂದು ಬರೆದು ಕಳಿಸಿದೆ. ಆ ಮನೆಯ ಮಾನ ಉಳಿಸಿದೆ. ಇದನ್ನು ಭಾಷಣದಲ್ಲಿ ಹೇಳುವುದಿಲ್ಲ, ಆದರೆ ನಿಮಗೆ ಗೊತ್ತು.

ಬೆಲ್ ತನ್ನ ವಿದ್ಯಾರ್ಥಿಗಳಿಗೆ ಮಾಡುತ್ತಿದ್ದ ತಮಾಷೆ ನೆನಪುಂಟಾ? ಕಹಿ ದ್ರವದಲ್ಲಿ ಒಂದು ಬೆರಳು ಅದ್ದಿ, ಬೇರೆ ಬೆರಳನ್ನು ನೆಕ್ಕುತ್ತಿದ್ದನಂತೆ. ಹುಡುಗರು ಮಾತ್ರ ಅದ್ದಿದ ಬೆರಳನ್ನೇ ನೆಕ್ಕಿ ಮುಖ ಕಿವುಚುತ್ತಿದ್ದರು. ನೋಡುವುದು ಬೇರೆ, ಗಮನಿಸುವುದು ಬೇರೆ. ಉಂಗುರದ ಕೇಸಿನಲ್ಲಿ ಆರು ಮಂದಿ ನೋಡಿದರು, ನಾನು ಗಮನಿಸಿದೆ.

ಇಸವಿ ಮಾತ್ರ ಬರೆದು ಕಳಿಸಿ.

ಲೆಸ್ಲಿ


ಪಾಯಿಂಟ್ ಕುಕ್
೨೨ ಮೇ ೨೦೧೬

ಡಾಕ್ಟ್ರೇ,

ಇಸವಿ ೧೯೭೯. ಜೂನ್ ಹನ್ನೊಂದು, ಸೋಮವಾರ. ಅವಳ ಹೆಸರು ಕಾರ್ಮಿನ್. ನಿಮ್ಮ ಬರಹದಲ್ಲಿ ಅವಳಿಗೆ ಹೆಸರಿಲ್ಲ.

ಈ ಪತ್ರವನ್ನು ಮೂರು ಸಲ ಹರಿದಿದ್ದೇನೆ. ಹೋದ ತಿಂಗಳೇ ಬರೆಯಬೇಕಾಗಿತ್ತು.

ನನ್ನನ್ನು ನೋಡಿಕೊಳ್ಳುವ ಜೋವಿಟಾ ನನಗೆ ಸ್ನಾನ ಮಾಡಿಸುವ ಮೊದಲು ತನ್ನ ಉಂಗುರ ಬಿಚ್ಚುತ್ತಾಳೆ. ಮುದುಕರ ಚರ್ಮ ಕಾಗದದ ಹಾಗೆ, ಗೀಚಿದರೆ ಹರಿಯುತ್ತದಲ್ಲ. ಬಿಚ್ಚಿ ಕರವಸ್ತ್ರದ ತುದಿಗೆ ಗಂಟು ಹಾಕಿ ಜೇಬಿಗೆ ಇಡುತ್ತಾಳೆ. ಒಂದು ದಿನ ಕೇಳಿದೆ, ಇದನ್ನು ಯಾರು ಕಲಿಸಿದರು ಎಂದು. "ಯಾರೂ ಇಲ್ಲ ಆಂಟಿ, ಕೈ ತನ್ನಷ್ಟಕ್ಕೇ ಮಾಡ್ತದೆ. ಇದು ಅಮ್ಮನ ಉಂಗುರ" ಎಂದಳು. ಅಮ್ಮ ಎಲ್ಲಿ ಎಂದೆ. "ನನಗೆ ಐದೂವರೆ ವರ್ಷ ಇರುವಾಗ ವಿಷ ಕುಡಿದಳು. ಇದನ್ನು ಬಿಚ್ಚಿಟ್ಟು ಹೋದಳು. ಬಿಚ್ಚಿಟ್ಟು ಹೋದವಳದ್ದು ನೀನ್ಯಾಕೆ ಹಾಕ್ತಿ ಅಂತ ಶರಲ್ ಕೇಳ್ತಾಳೆ, ನನ್ನ ಮಗಳು. ನನಗೂ ಗೊತ್ತಿಲ್ಲ." ಆಮೇಲೆ ನೀರು ಬಿಸಿ ಸರಿಯುಂಟಾ ಎಂದು ಕೇಳಿದಳು. ನಾನು ಯಾವ ಆಸ್ಪತ್ರೆ, ಯಾವ ಕಾರ್ಖಾನೆ ಎಂದು ಒಂದೊಂದೇ ಕೇಳಿದೆ. ಅವಳೇ ಡಾಕ್ಟ್ರೇ. ಕಾರ್ಮಿನ್‌ಳ ಮಗಳು.

ಈಗ ನಿಮ್ಮ ಬರಹ ತಿದ್ದುತ್ತೇನೆ. ನೀವೇ ಕೇಳಿದ್ದೀರಿ.

ಗೇರುಬೀಜ ಒಡೆಯುವ ಹೆಂಗಸರು ಯಾರೂ ಉಂಗುರ ಹಾಕಿಕೊಂಡು ಕೂರುವುದಿಲ್ಲ. ಸಿಪ್ಪೆಯ ಸೊನೆ ಉಂಗುರದ ಅಡಿಗೆ ಹೋದರೆ ಬೆರಳು ಬೆಂದುಹೋಗುತ್ತದೆ. ಬೆಳಿಗ್ಗೆ ಬಿಚ್ಚಿ ಸೆರಗಿನ ತುದಿಗೆ ಕಟ್ಟಿ, ಸೊನೆ ಹತ್ತದ ಹಾಗೆ ಕೈಗೆ ಎಣ್ಣೆ, ಬೂದಿ ಹಚ್ಚುತ್ತಾರೆ, ಸಂಜೆ ಕೈ ತೊಳೆದು ಹಾಕಿಕೊಳ್ಳುತ್ತಾರೆ. ಮದುವೆಯಾದ ಪ್ರತಿಯೊಬ್ಬಳೂ, ಪ್ರತಿ ದಿನ. ತುಟಿ ಸುಟ್ಟದ್ದು ಅದೇ ಸೊನೆಯಿಂದ. ಕೆಲಸದ ಜಾಗದಲ್ಲಿ ವಾಂತಿ ಬಂದಿದೆ, ತೊಳೆಯದ ಕೈಯಲ್ಲಿ ಬಾಯಿ ಒರೆಸಿಕೊಂಡಿದ್ದಾಳೆ. ಅಷ್ಟೆ.

ಹೊಟ್ಟೆ ತೊಳೆದ ನೀರನ್ನು ಹಿಡಿದವಳು ನಾನು. ಮೂರು ಸಲವೂ ತಿಳಿ ನೀರು ಬಂತು. ವಾಸನೆ ಇರಲಿಲ್ಲ. ಅವಳ ಹೊಟ್ಟೆ ಗಳಿಗೆ ಗಳಿಗೆಗೂ ಉಬ್ಬುತ್ತಿತ್ತು. ನೀವು ಪಾಠ ಮಾಡುವಾಗ ಅವಳು ನನ್ನ ಸೀರೆ ಎಳೆದು ಕೇಳಿದಳು, "ಮಧ್ಯಾಹ್ನದ ಒಳಗೆ ಬಿಡ್ತೀರಾ ಅಕ್ಕಾ? ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸ್ಲಿಕ್ಕುಂಟು" ಎಂದು. ಸಾಯಲು ಹೊರಟವಳು ಹಾಗೆ ಕೇಳುತ್ತಾಳಾ?

ನಿಮ್ಮವರಲ್ಲಿ ಸತ್ತವರ ಹೆಸರನ್ನು ನವೆಂಬರಿನಲ್ಲಿ ಬರೆದು ಪ್ರಾರ್ಥನೆಗೆಂದು ಇಗರ್ಜಿಗೆ ಕೊಡುವ ಪದ್ಧತಿ ಇದೆಯಲ್ಲ. ಜೋವಿಟಾ ಇಷ್ಟು ವರ್ಷದಲ್ಲಿ ಒಮ್ಮೆಯೂ ತಾಯಿಯ ಹೆಸರು ಬರೆದಿಲ್ಲ. ವಿಷ ಕುಡಿದವಳ ಹೆಸರು ಬೇಡ ಎಂದು ಅಜ್ಜಿ ಹೇಳಿದ್ದಳಂತೆ. ಈಗ ಅಜ್ಜಿ ಇಲ್ಲ, ಅಪ್ಪನೂ ಇಲ್ಲ, ಆದರೂ ಪೆನ್ನು ಏಳುವುದಿಲ್ಲ ಎನ್ನುತ್ತಾಳೆ. ನನ್ನನ್ನು ಬಿಟ್ಟುಹೋದವಳಿಗೆ ನಾನೇಕೆ ಬೇಡಿಕೊಳ್ಳಲಿ ಎನ್ನುತ್ತಾಳೆ.

ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ.

ಅರುಂಧತಿ


ಕೆಲ್ಲಿವಿಲ್
೯ ಜೂನ್ ೨೦೧೬

ಶ್ರೀಮತಿ ಅರುಂಧತಿಯವರಿಗೆ,

ನಿಮ್ಮ ಪತ್ರ ತಲುಪಿದೆ.

ಮೂವತ್ತೇಳು ವರ್ಷಗಳ ನಂತರ, ದಾಖಲೆಯಿಲ್ಲದೆ, ನೆನಪಿನ ಮೇಲೆ ರೋಗನಿರ್ಣಯ ಮಾಡುವುದು ಸುಲಭ. ಆ ದಿನ ನಾನೊಬ್ಬನೇ ಸರ್ಜನ್. ಇದ್ದ ಲಕ್ಷಣಗಳಿಂದ ಯಾರೇ ಆಗಲಿ ಅದೇ ತೀರ್ಮಾನಕ್ಕೆ ಬರುತ್ತಿದ್ದರು.

ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ನಿಮಗೆ ಇಷ್ಟೆಲ್ಲ ಗೊತ್ತಿತ್ತಲ್ಲ. ಆ ಉಂಗುರವನ್ನು ನೀವೇ ನನ್ನ ಕೈಗೆ ಕೊಟ್ಟಿರಿ. ಅರ್ಧ ಅಡಿ ದೂರದಲ್ಲಿ ನಿಂತಿದ್ದಿರಿ. ನನ್ನ ಬಾಯಿ ಮುಚ್ಚಿಸಲು ಒಂದು ವಾಕ್ಯ ಸಾಕಿತ್ತು. ಆಗ ಯಾಕೆ ಹೇಳಲಿಲ್ಲ? ಆಮೇಲೆ ಇಪ್ಪತ್ತೆರಡು ವರ್ಷ ನನ್ನ ಜೊತೆ ಕೆಲಸ ಮಾಡುವಾಗ ಯಾಕೆ ಹೇಳಲಿಲ್ಲ?

ಲೆಸ್ಲಿ


ಪಾಯಿಂಟ್ ಕುಕ್
೩ ಜುಲೈ ೨೦೧೬

ಡಾಕ್ಟ್ರೇ,

ಶ್ರೀಮತಿ ಎಂದು ಕರೆದಿರಿ. ಇರಲಿ. ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಡಾಕ್ಟರ ಎದುರು ನರ್ಸ್ ಮಾತಾಡುವ ಕಾಲ ಅದಾಗಿರಲಿಲ್ಲ ಎಂದು ಬರೆದು ಮುಗಿಸಬಹುದಿತ್ತು. ಅದು ಅರ್ಧ ಸತ್ಯ. ಉಳಿದರ್ಧ ನನ್ನ ಮಗಳಿಗೂ ಗೊತ್ತಿಲ್ಲ.

ನನ್ನ ಅಮ್ಮ ಅನಸೂಯಾ ಗೇರುಬೀಜ ಒಡೆಯುತ್ತಿದ್ದಳು. ಹತ್ತೊಂಬತ್ತು ವರ್ಷ. ಬೆರಳ ತುದಿಯಲ್ಲಿ ಗೆರೆಯೇ ಉಳಿದಿರಲಿಲ್ಲ. ಅವಳು ಒಡೆದ ಬೀಜದಿಂದಲೇ ನಾನು ನರ್ಸಿಂಗ್ ಓದಿದ್ದು. ಆಸ್ಪತ್ರೆಯಲ್ಲಿ ಮಾತ್ರ ಅಮ್ಮ ಟೀಚರ್ ಎಂದು ಹೇಳಿದ್ದೆ. ನನ್ನ ಜೊತೆಯವರೆಲ್ಲ ಮಾಸ್ತರರ, ಗುಮಾಸ್ತರ ಮಕ್ಕಳು. ಒಂದು ಸಲ ಅಮ್ಮ ಕ್ವಾರ್ಟರ್ಸಿಗೆ ಹಲಸಿನಹಣ್ಣು ತಂದಳು. ನೀವು ವರಾಂಡದಲ್ಲಿ ನಿಂತಿದ್ದಿರಿ. "ಇವರ್ಯಾರು ಸಿಸ್ಟರ್?" ಎಂದಿರಿ. ನೀವು ಕೈ ನೋಡುವ ಮೊದಲೇ ನಾನು ಅವಳ ಮುಂದೆ ಅಡ್ಡ ನಿಂತು, "ಪಕ್ಕದ ಮನೆಯವರು" ಎಂದೆ. ಅಮ್ಮ ಹೌದೆಂದು ತಲೆಯಾಡಿಸಿದಳು. ಹಣ್ಣು ಇಟ್ಟು ಬಸ್ಸಿಗೆ ಹೋದಳು.

ಆ ಸೋಮವಾರ ನೀವು ಉಂಗುರ ಎತ್ತಿ ಹಿಡಿದಾಗ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಎಂದು ಆರು ಮಂದಿಯ ಎದುರು ನೀವು ಕೇಳುತ್ತಿದ್ದಿರಿ. ನೀವು ಕೇಳಿಯೇ ಕೇಳುತ್ತಿದ್ದಿರಿ, ನಿಮ್ಮ ಸ್ವಭಾವವೇ ಅದು. ಅದಕ್ಕೆ ಹೆದರಿ ಸುಮ್ಮನಿದ್ದೆ. ನನ್ನ ಸುಳ್ಳು ಉಳಿಯಲಿ ಎಂದು ಒಂದು ಜೀವ ಹೋಗುವುದನ್ನು ನೋಡುತ್ತ ನಿಂತೆ. ಈಗ ಆ ಜೀವದ ಮಗಳು ನನ್ನ ಬೆನ್ನು ಉಜ್ಜುತ್ತಾಳೆ.

ನನ್ನ ಪಾಲಿನದನ್ನು ನಾನು ಜೋವಿಟಾಗೆ ಹೇಳಲೇಬೇಕು, ಹೇಳುತ್ತೇನೆ. ಆದರೆ ನಾನು ಹೇಳಿದರೆ ಅದು ನರ್ಸ್ ಮಾತು. ಸಮಾಧಾನಕ್ಕೆ ಹೇಳಿದಳು ಎಂದುಕೊಳ್ಳುತ್ತಾಳೆ. ಅವಳ ಅಜ್ಜಿ, ಅಪ್ಪ, ಪಾದ್ರಿ, ಊರು ಎಲ್ಲರೂ ನಂಬಿದ್ದು ನಿಮ್ಮ ಬಾಯಿಂದ ಬಂದ ಒಂದು ಶಬ್ದವನ್ನು. ಕಟ್ಟಿದವರೇ ಬಿಚ್ಚಬೇಕು ಡಾಕ್ಟ್ರೇ. ಇಗರ್ಜಿಯಲ್ಲಿ ಸತ್ತವರ ಹೆಸರು ಓದುವ ನವೆಂಬರ್ ಎರಡಕ್ಕೆ ಇನ್ನು ನಾಲ್ಕು ತಿಂಗಳಿದೆ. ಅಕ್ಟೋಬರ್ ಕೊನೆಯವರೆಗೆ ಕಾಯುತ್ತೇನೆ. ಆಮೇಲೆ ಎರಡು ಪಾಲನ್ನೂ ನಾನೇ ಹೇಳುತ್ತೇನೆ.

ಅರುಂಧತಿ


ಕೆಲ್ಲಿವಿಲ್
೨೫ ಸೆಪ್ಟೆಂಬರ್ ೨೦೧೬

ಸಿಸ್ಟರ್,

ಎರಡೂವರೆ ತಿಂಗಳು ಬರೆಯಲಿಲ್ಲ. ಮೊದಲ ತಿಂಗಳು ಕೋಪ. ಎರಡನೆಯ ತಿಂಗಳು ಕೋಪ ಇಳಿದು ಹೋದರೂ ಬಿಡದೆ ಹಿಡಿದುಕೊಂಡಿದ್ದೆ. ಹ್ಯಾರಿಸ್ "ಡ್ಯಾಡಿ, ಆರ್ ಯು ಓಕೆ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದ. ಕಿವಿ ಕೇಳದವನ ಹಾಗೆ ಇದ್ದೆ.

ಭಾಷಣ ಆಯಿತು. ಎಂಬತ್ತು ಜನ ಬಂದಿದ್ದರು, ಬಿಸಿಬೇಳೆಭಾತೂ ಇತ್ತು. ತಯಾರಿಗೆಂದು ಬೆಲ್ ಬಗ್ಗೆ ಇದ್ದದ್ದನ್ನೆಲ್ಲ ಇನ್ನೊಮ್ಮೆ ಓದಿದೆ. ಐವತ್ತು ವರ್ಷದಿಂದ ಓದುತ್ತಿದ್ದದ್ದೇ, ಆದರೆ ಈ ಸಲ ಬೇರೆ ಕಂಡಿತು. ಅವನು ರೋಗಿಗೆ ನೀನು ಸೈನ್ಯದಲ್ಲಿದ್ದೆ, ಈಚೆಗೆ ಬಿಟ್ಟೆ, ಇಂಥ ದ್ವೀಪದಲ್ಲಿದ್ದೆ ಎಂದು ಹೇಳಿದ ಪ್ರಸಿದ್ಧ ಪ್ರಸಂಗ ಉಂಟಲ್ಲ, ಅದು ಹೇಳಿದ್ದಲ್ಲ, ಕೇಳಿದ್ದು. ಒಂದೊಂದೂ ಪ್ರಶ್ನೆ. ರೋಗಿ ಹೌದು ಎಂದ ಮೇಲೆ ಮುಂದಿನದು. ನಾನು ವಿದ್ಯಾರ್ಥಿಗಳಿಗೆ ಅದನ್ನು ಹೇಳುವಾಗ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದ್ದೆ. ರೋಗಿಯ ಮಾತನ್ನೂ ತೆಗೆದುಹಾಕಿದ್ದೆ. ಕಾರ್ಮಿನ್ ನಿಮ್ಮೊಡನೆ ಮಾತನಾಡುವಷ್ಟು ಎಚ್ಚರವಾಗಿದ್ದಳು. ಉಂಗುರ ಏಕೆ ಬಿಚ್ಚಿದ್ದು ಎಂದು ನಾನು ಅವಳನ್ನು ಕೇಳಲೇ ಇಲ್ಲ.

ಇನ್ನೂ ಎರಡು ಸಂಗತಿ. ಬೆಲ್ ನರ್ಸ್‌ಗಳಿಗೆಂದೇ ಪುಸ್ತಕ ಬರೆದವನು. ಡಿಫ್ತೀರಿಯಾ ರೋಗದಿಂದ ಗಂಟಲು ಕಟ್ಟಿ ಉಸಿರಾಡಲಾರದ ಒಂದು ಮಗುವಿನ ಗಂಟಲಿನಿಂದ ಕೊಳವೆಯಲ್ಲಿ ವಿಷವನ್ನು ಬಾಯಿಂದ ಹೀರಿ ತೆಗೆದು, ತಾನೂ ಅದೇ ರೋಗಕ್ಕೆ ಬಿದ್ದನಂತೆ. ಇವೆರಡನ್ನೂ ನಾನು ಯಾವ ಬ್ಯಾಚಿಗೂ ಹೇಳಿದವನಲ್ಲ. ಕಣ್ಣಿನ ಚಮತ್ಕಾರ ಮಾತ್ರ ನನಗೆ ಬೇಕಾಗಿತ್ತು.

ಉಂಗುರದ ಪುಟ ಬಂದಾಗ ಮಡಚಿ ಜೇಬಿಗಿಟ್ಟು, ಮೀನುಗಾರನ ಕಥೆ ಹೇಳಿದೆ. ನೀವು ಹೇಳಿದ ಹಾಗೆ ಜನ ನಕ್ಕರು.

ಜೋವಿಟಾಳ ವಿಳಾಸ ಕಳಿಸಿ. ನಿಮ್ಮ ಅಮ್ಮ ತಂದ ಹಲಸಿನಹಣ್ಣು ನನಗೂ ಕೊಟ್ಟಿದ್ದಿರಿ. ಬಹಳ ಸಿಹಿ ಇತ್ತು.

ಲೆಸ್ಲಿ


ಕೆಲ್ಲಿವಿಲ್, ಸಿಡ್ನಿ
೧೬ ಅಕ್ಟೋಬರ್ ೨೦೧೬

ಜೋವಿಟಾ ಅವರಿಗೆ,

ನನ್ನ ಗುರುತು ನಿಮಗಿಲ್ಲ. ನಾನು ೧೯೭೯ರಲ್ಲಿ ನಿಮ್ಮ ತಾಯಿ ತೀರಿಕೊಂಡ ಆಸ್ಪತ್ರೆಯ ಸರ್ಜನ್. ಅರುಂಧತಿಯವರು ಆ ದಿನ ನನ್ನ ಜೊತೆ ಇದ್ದ ನರ್ಸ್. ಅವರು ತಮ್ಮ ಮಾತನ್ನು ನಿಮಗೆ ಹೇಳಿದ್ದಾರೆ, ಈಗ ನನ್ನದನ್ನು ಹೇಳುತ್ತೇನೆ. ಕೂತುಕೊಂಡು ಓದಿ.

ನಿಮ್ಮ ತಾಯಿ ವಿಷ ಕುಡಿದರೆಂದು ನಿಮ್ಮ ಅಜ್ಜಿಗೆ ಹೇಳಿದವನು ನಾನು. ಅದು ತಪ್ಪು. ಅವರ ಹೊಟ್ಟೆಯಲ್ಲಿ ವಿಷ ಇರಲಿಲ್ಲ. ಮೂರು ಸಲ ತೊಳೆದೆವು, ಮೂರು ಸಲವೂ ನೀರು ತಿಳಿಯಾಗಿ ಬಂತು. ನಾನು ಅದನ್ನು ಕಣ್ಣಾರೆ ಕಂಡೆ. ಕಂಡರೂ ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಆರು ಮಂದಿ ಶಿಷ್ಯರು ನೋಡುತ್ತಿದ್ದರು.

ಉಂಗುರವನ್ನು ಅವರು ಬಿಟ್ಟುಹೋಗಲು ಬಿಚ್ಚಿದ್ದಲ್ಲ. ಸೊನೆ ತಾಗದಿರಲಿ ಎಂದು, ಕಾರ್ಖಾನೆಯ ಎಲ್ಲ ಹೆಂಗಸರ ಹಾಗೆ, ಸಂಜೆ ಮತ್ತೆ ಹಾಕಿಕೊಳ್ಳಲು ಬಿಚ್ಚಿದ್ದು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ.

ಅವರಿಗೆ ಏನಾಗಿತ್ತು ಎಂದು ಖಚಿತವಾಗಿ ಹೇಳಲು ಈಗ ಯಾರಿಗೂ ಸಾಧ್ಯವಿಲ್ಲ, ಏಕೆಂದರೆ ಶವಪರೀಕ್ಷೆ ಬೇಡವೆಂದು ಬಿಟ್ಟವನೂ ನಾನೇ. ಅದನ್ನು ದಯೆ ಎಂದುಕೊಂಡಿದ್ದೆ. ನಿಮ್ಮ ತಂದೆ ಆ ವರ್ಷ ಈಸ್ಟರಿಗೆ ಬಾಂಬೆಯಿಂದ ಬಂದು ಹೋಗಿದ್ದರೆಂದು ನೀವು ಅರುಂಧತಿಯವರಿಗೆ ಹೇಳಿದ್ದೀರಿ. ನಿಮ್ಮ ತಾಯಿ ಎರಡು ತಿಂಗಳ ಬಸುರಿಯಾಗಿದ್ದು, ಗರ್ಭ ಸರಿಯಾದ ಜಾಗದಲ್ಲಿ ನಿಲ್ಲದೆ ಒಳಗೇ ಒಡೆದು ರಕ್ತ ಹೋಗಿರಬೇಕೆಂದು ಈಗ ನನಗೆ ಅನ್ನಿಸುತ್ತದೆ. ಹೊಟ್ಟೆ ತೆರೆದಿದ್ದರೆ ಉಳಿಯುತ್ತಿದ್ದರೋ ಏನೋ. ನಾನು ತೆರೆಯಬಲ್ಲವನಾಗಿದ್ದೆ. ಎರಡು ಗಂಟೆ ಸಮಯವೂ ಇತ್ತು.

ಅವರು ಕೊನೆಗೆ ಕೇಳಿದ್ದು ನಿಮ್ಮನ್ನು ಶಾಲೆಗೆ ಸೇರಿಸುವ ಬಗ್ಗೆ. ಅವರು ನಿಮ್ಮನ್ನು ಬಿಟ್ಟುಹೋಗಲಿಲ್ಲ.

ಕ್ಷಮೆ ಕೇಳುವ ಮುಖ ನನಗಿಲ್ಲ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸಿ, ನಿಮ್ಮ ಊರಿನ ಇಗರ್ಜಿಗೂ ಕಳಿಸಿ. ನಾನು ಅಲ್ಲಿಗೆ ಬಂದು ಎದುರಿಗೆ ಹೇಳಬೇಕೆಂದರೆ ಬರುತ್ತೇನೆ.

ಡಾ. ಲೆಸ್ಲಿ


ವೆರಿಬಿ, ಮೆಲ್ಬರ್ನ್
೬ ನವೆಂಬರ್ ೨೦೧೬

ಡಾಕ್ಟರ್,

ನಿಮ್ಮ ಪತ್ರವನ್ನು ಕೆಲಸದ ನಡುವೆ ಕಾರಿನಲ್ಲಿ ಕುಳಿತು ಓದಿದೆ. ಮುಂದಿನ ಮನೆಗೆ ಇಪ್ಪತ್ತು ನಿಮಿಷ ಲೇಟಾಯಿತು. ಏಜೆನ್ಸಿಯವರು ಫೋನ್ ಮಾಡಿದಾಗ, ನನ್ನ ತಾಯಿ ತೀರಿಕೊಂಡರು ಎಂದೆ. ಬಾಯಿಗೆ ಬಂದದ್ದು ಅದೇ.

ನನ್ನ ಕನ್ನಡ ಶಾಲೆಯಲ್ಲಿ ಕಲಿತಷ್ಟೇ, ತಪ್ಪಿದ್ದರೆ ನೋಡಬೇಡಿ. ನನಗೆ ನಿಮ್ಮ ಮೇಲೆ ಸಿಟ್ಟುಂಟು. ಅರುಂಧತಿ ಆಂಟಿಯ ಮೇಲೂ ಉಂಟು. ಅವರ ಮನೆಗೆ ಎರಡು ವಾರ ಹೋಗಲಿಲ್ಲ, ಬೇರೆಯವರನ್ನು ಕಳಿಸಿದೆ. ಮೂರನೆಯ ವಾರ ಹೋದೆ. ಅವರ ತಲೆ ಯಾರೂ ಸರಿಯಾಗಿ ಬಾಚಿರಲಿಲ್ಲ.

ಮೂವತ್ತೇಳು ವರ್ಷ ನಾನು ಅಮ್ಮನ ಮೇಲೆ ಸಿಟ್ಟಾಗಿದ್ದೆ. ಅದನ್ನು ಈಗ ಎಲ್ಲಿ ಇಡಬೇಕೆಂದು ನನಗೆ ಗೊತ್ತಾಗುವುದಿಲ್ಲ. ನೀವು ಬರುವುದು ಈಗ ಬೇಡ.

ನವೆಂಬರ್ ಎರಡಕ್ಕೆ ಅಮ್ಮನ ಹೆಸರು ಕೊಟ್ಟೆ. ಇಲ್ಲಿಯ ಪಾದ್ರಿ ಐರ್ಲೆಂಡಿನವರು. ಹೆಸರನ್ನು ಏನೋ ಮಾಡಿ ಓದಿದರು. ನಾನು ಬೆಂಚಿನಿಂದ ಎದ್ದು, "ಕಾರ್ಮಿನ್, ಫಾದರ್" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವರು ಸಾರಿ ಹೇಳಿ ಇನ್ನೊಮ್ಮೆ ಓದಿದರು. ಶರಲ್ ನನ್ನ ಕೈ ಹಿಡಿದಿದ್ದಳು. ಉಂಗುರ ಈಗ ಅವಳಿಗೆ ಬೇಕಂತೆ. ನಾನು ಸತ್ತ ಮೇಲೆ ಎಂದೆ.

ಒಂದು ಕೇಳುತ್ತೇನೆ. ಅಮ್ಮನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಅಜ್ಜಿ ಮದುವೆ ಫೋಟೋ ಸುಟ್ಟಳು. ಮುಖ ನನಗೆ ನೆನಪಿಲ್ಲ. ನೀವು ಮನುಷ್ಯರ ಕೈ ನೋಡುವವರಂತೆ, ಒಮ್ಮೆ ನೋಡಿದ ಕೈ ಮರೆಯುವುದಿಲ್ಲವಂತೆ. ಆಂಟಿ ಹೇಳಿದರು. ಅಮ್ಮನ ಕೈಯನ್ನು ಕೊನೆಗೆ ಸರಿಯಾಗಿ ನೋಡಿದವರು ನೀವೇ. ಅದು ಹೇಗಿತ್ತು ಬರೆಯಿರಿ. ಅದರ ಅರ್ಥ ಬೇಡ.

ಜೋವಿಟಾ


ಕೆಲ್ಲಿವಿಲ್
೧೩ ನವೆಂಬರ್ ೨೦೧೬

ಜೋವಿಟಾ ಅವರಿಗೆ,

ಬರೆಯುತ್ತೇನೆ.

ಸಣ್ಣ ಕೈ, ಆದರೆ ಬೆರಳುಗಳು ಉದ್ದ. ಬಲಗೈ ಹೆಬ್ಬೆರಳು ಮತ್ತು ಮೊದಲ ಎರಡು ಬೆರಳುಗಳ ತುದಿ ಕಪ್ಪು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗೆರೆ. ಉಗುರುಗಳನ್ನು ಚೆನ್ನಾಗಿ ಕತ್ತರಿಸಿದ್ದರು. ಉಗುರಿನ ಬುಡ ಬಿಳಿಚಿಕೊಂಡಿತ್ತು. ಅದು ರಕ್ತ ಹೋಗುತ್ತಿರುವ ಗುರುತು, ನಾನು ನೋಡಬೇಕಾಗಿದ್ದದ್ದು ಅದನ್ನು. ಅರ್ಥ ಬೇಡವೆಂದಿದ್ದೀರಿ, ಇದೊಂದನ್ನು ಬರೆಯದೆ ಇರಲಾರೆ. ಎಡಗೈ ಉಂಗುರ ಬೆರಳಿನಲ್ಲಿ ಬಿಳಿಯ ಸುತ್ತು. ಎರಡೂ ಕೈಗೆ ಎಣ್ಣೆ, ಬೂದಿ ಹಚ್ಚಿದ್ದರು. ತೆಂಗಿನೆಣ್ಣೆಯ ವಾಸನೆ ಇತ್ತು. ನಾಡಿ ನೋಡಲು ಎಡಗೈ ಹಿಡಿದಾಗ ಅವರು ನನ್ನ ಎರಡು ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಡಿಸಿಕೊಳ್ಳಬೇಕಾಯಿತು.

ಇನ್ನೊಂದು ಉಂಟು. ಆ ಕಥೆಯನ್ನು ಮೂವತ್ತು ವರ್ಷ ಹೇಳುವಾಗ ಇದನ್ನು ಒಮ್ಮೆಯೂ ಹೇಳಿಲ್ಲ, ಏಕೆಂದರೆ ನನ್ನ ತೀರ್ಮಾನಕ್ಕೆ ಇದು ಬೇಕಾಗಿರಲಿಲ್ಲ. ಎಡ ಮಣಿಕಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ಒಂದು ವಾಚು ಬರೆದಿತ್ತು. ವೃತ್ತ ಸೊಟ್ಟಗಿತ್ತು. ಎರಡು ಮುಳ್ಳು, ಎರಡೂ ಒಂದೇ ಉದ್ದ. ಅಂಕಿಗಳು ಐದರವರೆಗೆ ಮಾತ್ರ ಇದ್ದವು. ಪಟ್ಟಿಯನ್ನು ಮಣಿಕಟ್ಟಿನ ಸುತ್ತಲೂ ಎಳೆದಿತ್ತು. ಕೈಗೆಲ್ಲ ಎಣ್ಣೆ ಹಚ್ಚಿಕೊಂಡವರು ಅದರ ಮೇಲೆ ಮಾತ್ರ ಎಣ್ಣೆ ತಾಗದ ಹಾಗೆ ನೋಡಿಕೊಂಡಿದ್ದರು.

ಹಿಂದೆ ಆಗಿದ್ದರೆ ಅದು ಏನೆಂದು ನಾನೇ ಹೇಳಿಬಿಡುತ್ತಿದ್ದೆ. ಈಗ ನಿಮ್ಮನ್ನು ಕೇಳುತ್ತೇನೆ. ಆ ವಾಚು ಬರೆದದ್ದು ನೀವಾ?

ಲೆಸ್ಲಿ